ಕಿವಿ ಸರಿಯಿದೆ ಎಂಬ ಸರ್ಟಿಫಿಕೇಟು

ಮೂವತ್ತು ವರ್ಷ ಸರ್ಕಾರಿ ಆದೇಶ ಟೈಪ್ ಮಾಡಿದವಳು ನಾನು. ಬಡ್ತಿ, ವರ್ಗಾವಣೆ, ಅಮಾನತು, ವಜಾ, ಎಲ್ಲವೂ ಈ ಬೆರಳುಗಳಿಂದಲೇ ಹೊರಬಿದ್ದಿವೆ. ಯಾವುದಕ್ಕೂ ನಾನು ತಲೆಕೆಡಿಸಿಕೊಂಡವಳಲ್ಲ. ಆದರೆ ಜಯಕ್ಕನ ಆದೇಶದಲ್ಲಿ ‘ಇದನ್ನು ದಂಡನೆಯೆಂದು ಪರಿಗಣಿಸತಕ್ಕದ್ದಲ್ಲ’ ಅಂತ ಒಂದು ಸಾಲಿತ್ತು ನೋಡಿ, ಅದನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ. ತಪ್ಪು ಮಾಡಿದವರಿಗಾದರೆ ಆರೋಪಪಟ್ಟಿ ಕೊಡುತ್ತಾರೆ, ವಿಚಾರಣೆ ಮಾಡುತ್ತಾರೆ, ನಿಮ್ಮದೇನು ಸಮಜಾಯಿಷಿ ಅಂತ ಕೇಳುತ್ತಾರೆ. ಇದರಲ್ಲಿ ಅದೂ ಇಲ್ಲ. ಐವತ್ತು ದಾಟಿದ ನೌಕರರ ಕಡತಗಳನ್ನು ಸಾಹೇಬರುಗಳು ಕೂತು ನೋಡುತ್ತಾರೆ. ಇವರಿಂದ ಇನ್ನು ಉಪಯೋಗವಿಲ್ಲ ಅನ್ನಿಸಿದರೆ ‘ಸಾರ್ವಜನಿಕ ಹಿತದೃಷ್ಟಿಯಿಂದ’ ಅಂತ ಬರೆದು, ಮೂರು ತಿಂಗಳ ಸಂಬಳ ಕೈಗಿಟ್ಟು, ಮನೆಗೆ ಕಳಿಸುತ್ತಾರೆ. ಕಡ್ಡಾಯ ನಿವೃತ್ತಿ ಅಂದರೆ ಇಷ್ಟೇ.

ಜಯಕ್ಕ, ಅಂದರೆ ಜಯದೇವಿ, ಇಳಕಲ್ ಕಡೆಯವರು. ಗಂಡ ಚನ್ನಪ್ಪ ನಮ್ಮ ಇಲಾಖೆಯಲ್ಲೇ ಗುಮಾಸ್ತರಾಗಿದ್ದು, ಕಾಮಾಲೆಯಾಗಿ ತೀರಿಕೊಂಡರು. ಮಕ್ಕಳಿರಲಿಲ್ಲ. ಅನುಕಂಪದ ಕೆಲಸದ ಆದೇಶ ಬರುವವರೆಗೆ ಒಂದು ವರ್ಷ ಮೈದುನ ಸಿದ್ಧಲಿಂಗೇಶನ ಮನೆಯಲ್ಲಿದ್ದರು. ಆ ಮನೆಯಲ್ಲಿ ಯಾರೂ ಹೊಡೆಯಲಿಲ್ಲ, ಬಯ್ಯಲಿಲ್ಲ. ಒಲೆಯ ಮುಂದೆ ಕೂರಿಸಿ ಮರೆತುಬಿಟ್ಟರು, ಅಷ್ಟೆ. ಎಲ್ಲರದ್ದೂ ಊಟ ಆದ ಮೇಲೆ ತಳದಲ್ಲಿ ಉಳಿದದ್ದು ಇವರಿಗೆ. ಮಾತಾಡಿಸುವವರಿಲ್ಲದೆ ತನ್ನ ದನಿ ತನಗೇ ಮರೆತುಹೋಗಿತ್ತು ಅಂತ ಜಯಕ್ಕ ಹೇಳುತ್ತಿದ್ದರು. ಅಲ್ಲಿಂದ ಎದ್ದು ಬಂದವರಿಗೆ ಸಿಕ್ಕಿದ್ದು ಎಂಥ ಕೆಲಸ ಗೊತ್ತೇ? ಟೆಲಿಫೋನ್ ಆಪರೇಟರ್. ದಿನವಿಡೀ ಮಾತಾಡುವುದೇ ಕೆಲಸ!

ನಮ್ಮ ಕಚೇರಿ ಶಿವಾಜಿನಗರದ ಬಸ್ ನಿಲ್ದಾಣದಿಂದ ಕೂಗಳತೆಯಲ್ಲಿತ್ತು. ಮೆಟ್ಟಿಲ ಕೆಳಗಿನ ಸಣ್ಣ ಕೋಣೆಯೇ ಎಕ್ಸ್‌ಚೇಂಜು. ಹಲಗೆಯಲ್ಲಿ ದೀಪ ಹತ್ತಿದರೆ ಹೊರಗಿನಿಂದ ಕರೆ ಬಂತು ಅಂತ ಅರ್ಥ. ತಂತಿ ಎತ್ತಿ ಚುಚ್ಚಿ, ಯಾರು ಬೇಕು ಅಂತ ಕೇಳಿ, ಆಯಾ ವಿಭಾಗದ ನಂಬರಿಗೆ ಜೋಡಿಸಬೇಕು. ಜಯಕ್ಕ “ನಮಸ್ಕಾರ್ರೀ, ಹೇಳ್ರಿ” ಅಂದರೆ ಆ ಕಡೆಯವರು ಬಯ್ಯಲು ಫೋನ್ ಮಾಡಿದ್ದರೂ ಮೆತ್ತಗಾಗುತ್ತಿದ್ದರು. ದನಿ ಕೇಳಿ ಆಸೆಪಟ್ಟು, ಮುಖ ನೋಡಿಯೇ ಹೋಗೋಣ ಅಂತ ಕಚೇರಿಗೆ ಬಂದ ಗುತ್ತಿಗೆದಾರರೂ ಇದ್ದರು. ಬಂದವರಿಗೆ ಕಾಣುತ್ತಿದ್ದದ್ದು ಹಣೆತುಂಬ ವಿಭೂತಿ, ದಪ್ಪಂಚಿನ ಇಳಕಲ್ ಸೀರೆ, ಮತ್ತು ಎರಡೂ ಕೈಯಲ್ಲಿ ತಂತಿ. ನಾವು ನಗುತ್ತಿದ್ದೆವು. ಜಯಕ್ಕನೂ ನಗುತ್ತಿದ್ದರು.

ಅವರಿಗೆ ದೊಮ್ಮಲೂರಿನ ಹತ್ತಿರ ಸರ್ಕಾರಿ ಕ್ವಾರ್ಟರ್ಸು ಸಿಕ್ಕಿತ್ತು. ನಾನು ದೊಮ್ಮಲೂರು ಹಳ್ಳಿಯಾಗಿದ್ದಾಗಿನಿಂದಲೂ ಅಲ್ಲಿಯವಳು. ನಮ್ಮಪ್ಪ ರಾಗಿ ಬೆಳೆದ ಹೊಲದ ಮೇಲೆ ಈಗ ಯಾರದೋ ಗಾಜಿನ ಆಫೀಸಿದೆ. ದಿನಾ ಒಂದೇ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆವು. ಆ ಎರಡು ಕೋಣೆಯ ಕ್ವಾರ್ಟರ್ಸನ್ನು ಅವರು ಎಷ್ಟು ಚೊಕ್ಕಟವಾಗಿ ಇಟ್ಟುಕೊಂಡಿದ್ದರೆಂದರೆ, ಒಳಗೆ ಕಾಲಿಡಲು ಹಿಂಜರಿಕೆಯಾಗುತ್ತಿತ್ತು. “ಇದು ನಂದವಾ, ಧನಲಕ್ಷ್ಮಿ. ಇಲ್ಲಿ ನಾ ಮೊದಲ ಉಣತೀನಿ” ಅನ್ನುತ್ತಿದ್ದರು.

ತೊಂಬತ್ತಾರರಲ್ಲಿ ಅವರಿಗೆ ಟಿ.ಬಿ. ಬಂತು. ತಿಂಗಳುಗಟ್ಟಲೆ ಇಂಜೆಕ್ಷನ್ ತೆಗೆದುಕೊಂಡು ರೋಗ ವಾಸಿಯಾಯಿತು. ಆದರೆ ಆ ಔಷಧಿಯೇ ಕಿವಿಯನ್ನು ತಿಂದುಹಾಕಿತು. ಮೊದಲು ಕಿವಿಯಲ್ಲಿ ಗುಂಯ್ ಅನ್ನುವ ಸದ್ದು. ಆಮೇಲೆ ಎದುರಿನವರ ಮಾತು ಗೋಡೆಯಾಚೆಯಿಂದ ಬಂದಂತೆ. ಎರಡು ವರ್ಷದಲ್ಲಿ ಏನೂ ಇಲ್ಲ. ಟೆಲಿಫೋನ್ ಆಪರೇಟರಿಗೆ ಕಿವಿ ಹೋಯಿತು ಅಂದರೆ ದೇವರಿಗೂ ತಮಾಷೆ ಮಾಡುವ ಚಟ ಇರಬೇಕು.

ಇದನ್ನು ಮೊದಲು ಕಂಡುಹಿಡಿದವನು ಅಟೆಂಡರ್ ಶೌಕತ್. ಶಿವಾಜಿನಗರದ ಓಣಿಯಲ್ಲೇ ಹುಟ್ಟಿ ಬೆಳೆದವನು. ವರ್ಷಗಟ್ಟಲೆ ದಿನಗೂಲಿಯಲ್ಲಿದ್ದು ಆಗಷ್ಟೇ ಖಾಯಂ ಆಗಿದ್ದ. ಚಹಾ ಕೊಡಲು ಬಂದವನು ಹಿಂದಿನಿಂದ ಕರೆದಿದ್ದಾನೆ, ಜಯಕ್ಕ ತಿರುಗಿಲ್ಲ. ದೀಪ ಹತ್ತಿದೆ, ತಂತಿ ಚುಚ್ಚಿ “ಹೇಳ್ರಿ” ಅಂದಿದ್ದಾರೆ, ಆಮೇಲೆ ಸುಮ್ಮನೆ ಅಳುತ್ತ ಕೂತಿದ್ದಾರೆ. ಶೌಕತ್ ಚಹಾ ಕೆಳಗಿಟ್ಟು, ಅಲ್ಲಿದ್ದ ಇನ್ನೊಂದು ರಿಸೀವರನ್ನು ಕಿವಿಗಿಟ್ಟು ಕೇಳಿ, ಅವರ ಎದುರಿಗೆ ಬಂದು ಬೆರಳು ತೋರಿಸಿದ. ಎರಡು ಬೆರಳು, ಆಮೇಲೆ ಏಳು. ಇಪ್ಪತ್ತೇಳು ಅಂದರೆ ಲೆಕ್ಕಪತ್ರ ವಿಭಾಗ. ಜಯಕ್ಕ ಜೋಡಿಸಿದರು.

ಅವತ್ತಿನಿಂದ ಅದೇ ಪದ್ಧತಿಯಾಯಿತು. ಕೇಳುವುದು ಶೌಕತ್, ಮಾತಾಡುವುದು ಜಯಕ್ಕ. ಸೊನ್ನೆಗೆ ಮುಷ್ಟಿ, ಸಾಹೇಬರ ಕೋಣೆಗೆ ಮೀಸೆ ತಿರುವುವುದು, ತಪ್ಪು ನಂಬರಿಗೆ ಕೈ ಕೊಡವುವುದು. ಶೌಕತ್ ಮಹಾ ತ್ಯಾಗಿಯೇನಲ್ಲ. ಮೂರು ಅಂತಸ್ತು ಹತ್ತಿ ಇಳಿದು ಕಡತ ಹೊರುವುದಕ್ಕಿಂತ ಫ್ಯಾನಿನ ಕೆಳಗೆ ಕೂರುವುದು ಅವನಿಗೂ ಬೇಕಿತ್ತು. ಆದರೆ ವರ್ಷಗಳು ಉರುಳಿದ ಹಾಗೆ ಅವನು ರಜೆ ಹಾಕುವುದನ್ನೇ ಬಿಟ್ಟ. ರಂಜಾನಿನಲ್ಲಿ ಉಪವಾಸವಿದ್ದರೂ ಬಂದು ಕೂರುತ್ತಿದ್ದ. ತಾನಿಲ್ಲದ ದಿನ ಅಕ್ಕನ ಗತಿಯೇನು ಅನ್ನುವ ಭಯ ಅವನಿಗೂ ಹತ್ತಿಕೊಂಡಿತ್ತು.

ಜಯಕ್ಕ ತುಟಿ ನೋಡಿ ಮಾತು ಹಿಡಿಯುವುದನ್ನು ತಾವಾಗಿ ಕಲಿತರು. ಎದುರಿಗೆ ನಿಂತು ನಿಧಾನವಾಗಿ ಹೇಳಿದರೆ ಎಲ್ಲವೂ ತಿಳಿಯುತ್ತಿತ್ತು. ಮುಖ ತಿರುಗಿಸಿದರೆ ಮುಗಿಯಿತು. ಕಿವಿ ಹೋದ ಸಂಗತಿಯನ್ನು ನನಗೆ ಅವರೇ ಹೇಳಿದ್ದರು. ನಾನು ಕೇಳಿದೆ, “ಜಯಕ್ಕ, ಸಾಹೇಬ್ರಿಗೆ ಹೇಳಿ ಬೇರೆ ಸೆಕ್ಷನ್ ಕೇಳ್ಕೊಬಾರ್ದಾ?”

“ಹುಚ್ಚಿ ಆಗೀಯೇನು? ಡ್ರೈವರ್ ದೊಡ್ಡಮುನಿಯಪ್ಪಗ ಏನ್ ಮಾಡಿದ್ರು? ಕಣ್ಣು ಮಂಜಾತು ಅಂತ ಬಾಯಿಬಿಟ್ಟ. ದವಾಖಾನೀಗೆ ಕಳಿಸಿದ್ರು, ಅನ್‌ಫಿಟ್ ಅಂತ ಬರಸಿದ್ರು, ಮನೀಗೆ ಹಚ್ಚಿದ್ರು. ನನಗ ಮನಿ ಎಲ್ಲೈತಿ? ಈ ಕೆಲಸ ಹೋದ್ರ ಕ್ವಾರ್ಟರ್ಸ್ ಹೋಗತೈತಿ. ನನಗ ಬರೂ ಪಿಂಚಣಿ ಬೆಂಗಳೂರಾಗ ಬಾಡಿಗೀಗೂ ಸಾಲೂದಿಲ್ಲ. ಸಿದ್ಧಲಿಂಗೇಶ ಬಂದು ಕರಕೊಂಡು ಹೋಗತಾನ. ಮತ್ತ ಆ ಒಲಿ ಮುಂದ ಕುಂಡ್ರಬೇಕು, ಈ ಸಲ ಕಿವುಡಿ ಆಗಿ. ಅದಕ್ಕಿಂತ ಸಾಯೂದು ಚಲೋ.”

ದೊಡ್ಡಮುನಿಯಪ್ಪನನ್ನು ಕಳಿಸಿದ್ದು ನಿಜ. ಅನ್‌ಫಿಟ್ ಅಂದರೆ ಮನೆ. ಇದು ನಮ್ಮ ಕಚೇರಿಯ ಕಸ ಗುಡಿಸುವ ಆಂಜನಮ್ಮನಿಂದ ಹಿಡಿದು ಎಲ್ಲರಿಗೂ ಗೊತ್ತಿದ್ದ ಸತ್ಯ. ಗೊತ್ತಿರುವುದನ್ನು ಮತ್ತೆ ಹೋಗಿ ಕೇಳುವವರು ಯಾರು?

ಎರಡು ಸಾವಿರದ ಎರಡರಲ್ಲಿ ಹೊಸ ಸಾಹೇಬರು ಬಂದರು. ಮಾತು ಕಮ್ಮಿ, ಅನುಮಾನ ಜಾಸ್ತಿ. ಬಂದ ವಾರವೇ ಎಕ್ಸ್‌ಚೇಂಜಿನ ಬಾಗಿಲಲ್ಲಿ ನಿಂತು ಜಯಕ್ಕನ ಬೆನ್ನಿಗೆ ಏನೋ ಕೇಳಿದರು. ಶೌಕತ್ ಊಟಕ್ಕೆ ಹೋಗಿದ್ದ. ಮತ್ತೆ ಕೇಳಿದರು. ಜಯಕ್ಕ ದೀಪದ ಹಲಗೆಯನ್ನು ನೋಡುತ್ತ ಕೂತೇ ಇದ್ದರು. ಸಂಜೆಯೊಳಗೆ ಆಜ್ಞೆ ಬಂತು. ಆಪರೇಟರ್ ವೈದ್ಯಕೀಯ ಮಂಡಳಿಯ ಮುಂದೆ ಹಾಜರಾಗಿ, ಕಿವಿಯ ಬಗ್ಗೆ ದೃಢಪತ್ರ ತರಬೇಕು.

ಆ ವಾರ ಜಯಕ್ಕ ಅನ್ನ ಬಿಟ್ಟರು. ಬಸ್ಸಿನಲ್ಲಿ ನನ್ನ ಕೈ ಹಿಡಿದುಕೊಂಡು ಕೂತಿರುತ್ತಿದ್ದರು. ಶೌಕತ್ ಮಾತ್ರ ಆಸ್ಪತ್ರೆಯ ಸುತ್ತ ಓಡಾಡಿ ಸುದ್ದಿ ತಂದ. ಕಿವಿ ಅಳೆಯುವ ಯಂತ್ರ ಕೆಟ್ಟು ಕೂತಿದೆ. ಡಾಕ್ಟರು ರೋಗಿಯ ಬೆನ್ನ ಹಿಂದೆ ನಿಂತು ಪಿಸುಮಾತಿನಲ್ಲಿ ನಂಬರು ಹೇಳುತ್ತಾರೆ, ರೋಗಿ ಅದನ್ನು ತಿರುಗಿ ಹೇಳಬೇಕು. ಹೇಳುವುದು ನಂಬರು ಅಂತ ಕೇಳಿದ್ದೇ ಶೌಕತ್ ನಕ್ಕುಬಿಟ್ಟ.

“ಅಕ್ಕಾ, ನಂಬರ್ ತಾನೇ? ನಾಲ್ಕು ವರ್ಷದಿಂದ ನಾವು ಮಾಡ್ತಿರೋದೇ ಅದಲ್ವಾ? ಫೈಲ್ ತಗೊಂಡು ನಾನೇ ಬರ್ತೀನಿ.”

ನಮ್ಮಲ್ಲಿ ಯಾವ ನೌಕರನನ್ನೇ ಮಂಡಳಿಗೆ ಕಳಿಸಲಿ, ಮೊಹರು ಮಾಡಿದ ಲಕೋಟೆ ಹಿಡಿದು ಜೊತೆಗೊಬ್ಬ ಅಟೆಂಡರ್ ಹೋಗುವುದು ವಾಡಿಕೆ. ಶೌಕತ್ ಆ ಲಕೋಟೆಯನ್ನು ಎದೆಗೆ ಆನಿಸಿಕೊಂಡು ಬಾಗಿಲ ಹತ್ತಿರ, ಜಯಕ್ಕನ ನೇರ ಎದುರಿಗೆ, ಬಹಳ ವಿಧೇಯನಾಗಿ ನಿಂತ. ಡಾಕ್ಟರು ಹಿಂದಿನಿಂದ ಪಿಸುಗುಟ್ಟಿದರು. ಲಕೋಟೆಯ ಅಂಚಿನಲ್ಲಿ ಬೆರಳು ಆಡಿದವು. ಜಯಕ್ಕ “ಮೂವತ್ತಾರು” ಅಂದರು. ಇನ್ನೊಂದು, ಮತ್ತೊಂದು. ಡಾಕ್ಟರು ಹಿಂದೆ ಹಿಂದೆ ಸರಿದು ಗೋಡೆಗೆ ತಾಗಿದರು. ಅಲ್ಲಿಂದ ಹೇಳಿದ್ದೂ ಸರಿಯಾಯಿತು. “ನಿಮ್ಮ ಕಿವಿ ನನ್ನ ಕಿವಿಗಿಂತ ಚೆನ್ನಾಗಿದೆಯಮ್ಮ, ಯಾರು ಕಳಿಸಿದ್ದು ನಿಮ್ಮನ್ನ?” ಅಂತ ರುಜು ಹಾಕಿದರು. ಪಾಪ, ಅವರು ಪರೀಕ್ಷೆ ಮಾಡಿದ್ದು ಶೌಕತ್‌ನ ಕಿವಿಯನ್ನು.

ಅವತ್ತು ಶೌಕತ್ ಸಮೋಸ ತಂದ. ಮೆಟ್ಟಿಲ ಕೆಳಗೆ ನಿಂತು ಎಲ್ಲರೂ ತಿಂದೆವು. ಜಯಕ್ಕ ಸೆರಗು ಬಾಯಿಗೆ ಹಿಡಿದು ನಕ್ಕರು, ನಗುತ್ತಲೇ ಅತ್ತರು. ಎಂಟು ವರ್ಷ ಸರ್ವೀಸು ಉಳಿದಿತ್ತು. ಆ ಎಂಟು ವರ್ಷ ಗೆದ್ದುಬಿಟ್ಟೆವು ಅಂತ ನಮ್ಮ ಲೆಕ್ಕ.

ಸಾಹೇಬರು ಮಾತ್ರ ಆ ಸರ್ಟಿಫಿಕೇಟನ್ನು ಬೇರೆ ಥರ ಓದಿದರು. ಕಿವಿ ಸರಿಯಿದ್ದೂ ನಾನು ಕರೆದರೆ ತಿರುಗಲಿಲ್ಲ ಅಂದರೆ ಇದು ಕೊಬ್ಬು. ಮುಂದಿನ ವರ್ಷದ ವರ್ಗಾವಣೆಯಲ್ಲಿ ಶೌಕತ್‌ನನ್ನು ಕೆ.ಆರ್. ಪುರಂನ ಶಾಖೆಗೆ ಹಾಕಿದರು. ಎಕ್ಸ್‌ಚೇಂಜಿನಲ್ಲಿ ಇಬ್ಬರು ಕೂತು ಹರಟೆ ಹೊಡೆಯುತ್ತಾರೆ ಅಂತ ಕಾರಣ. ಶೌಕತ್ ಸಾಹೇಬರ ಕಾಲಿಗೆ ಬೀಳುವುದೊಂದು ಬಾಕಿ. ಅವನು ಯಾಕೆ ಅಷ್ಟು ಗೋಗರೆಯುತ್ತಾನೆ ಅಂತ ಸಾಹೇಬರಿಗೆ ಅನುಮಾನ ಇನ್ನೂ ಹೆಚ್ಚಾಯಿತು.

ಆಮೇಲಿನ ಎರಡು ವರ್ಷವನ್ನು ನಾನು ದಿನಾ ಕಣ್ಣಾರೆ ನೋಡಿದ್ದೇನೆ. ದೀಪ ಹತ್ತುತ್ತಿತ್ತು. ಜಯಕ್ಕ “ನಮಸ್ಕಾರ್ರೀ, ಹೇಳ್ರಿ” ಅನ್ನುತ್ತಿದ್ದರು. ಆಮೇಲೆ ಊಹೆ. ಬೆಳಿಗ್ಗೆ ಬಂದರೆ ಬಿಲ್ಲಿನ ವಿಚಾರವಿರಬೇಕು, ಲೆಕ್ಕಪತ್ರಕ್ಕೆ ಕೊಡು. ಮಧ್ಯಾಹ್ನ ಬಂದರೆ ಉಗ್ರಾಣಕ್ಕೆ. ಸಂಜೆಯಾದರೆ ಯಾರದೋ ಮನೆಯವರು, ಸಿಬ್ಬಂದಿ ವಿಭಾಗಕ್ಕೆ. ಅರ್ಧಕ್ಕರ್ಧ ಸರಿಯಾಗುತ್ತಿತ್ತು, ಅದೇ ಆಶ್ಚರ್ಯ. ತಪ್ಪಾದವರು ಮತ್ತೆ ಮಾಡುತ್ತಿದ್ದರು. “ಲೈನ್ ಸರಿ ಇಲ್ರೀ, ಜೋರಾಗಿ ಹೇಳ್ರಿ” ಅಂತ ಇವರು ಬೇಡಿಕೊಳ್ಳುತ್ತಿದ್ದರು. ಲೈನು ಸರಿಯಿಲ್ಲ ಅಂತ ತಾವೇ ದೂರು ಕೊಟ್ಟರು. ಟೆಲಿಫೋನಿನವರು ಬಂದು ನೋಡಿ, ಲೈನು ಚೆನ್ನಾಗಿದೆ ಅಂತ ಬರೆದು ಹೋದರು. ಬಿಡುವಾದಾಗಲೆಲ್ಲ ನಾನು ಓಡಿ ಹೋಗಿ ರಿಸೀವರು ಹಿಡಿಯುತ್ತಿದ್ದೆ. ಆದರೆ ಟೈಪಿಸ್ಟಿಗೆ ಬಿಡುವು ಎಷ್ಟು? ಸಂಜೆ ಬಸ್ಸಿನಲ್ಲಿ ಜಯಕ್ಕ ಜ್ವರ ಬಂದವರ ಹಾಗೆ ಕಿಟಕಿಗೆ ಒರಗಿರುತ್ತಿದ್ದರು. ನಾಳೆ ಮತ್ತೆ ಅದೇ ದೀಪ ಹತ್ತುತ್ತದಲ್ಲ ಅನ್ನುವ ಹೆದರಿಕೆ. ನಿದ್ದೆಗಣ್ಣಲ್ಲೂ ದೀಪವೇ ಕಾಣುತ್ತದೆ ಅನ್ನುತ್ತಿದ್ದರು.

ಸಿಬ್ಬಂದಿ ವಿಭಾಗದ ವಿರೂಪಾಕ್ಷ ಒಳ್ಳೆಯ ಮನುಷ್ಯ. ಹಲಸೂರಿನಲ್ಲಿ ವಯಸ್ಸಾದ ತಂದೆಯೊಂದಿಗಿದ್ದ. ಒಂದು ದಿನ ಮಧ್ಯಾಹ್ನ ತಂದೆಗೆ ಎದೆನೋವು ಬಂದು ಪಕ್ಕದ ಮನೆಯವರು ಕಚೇರಿಗೆ ಫೋನ್ ಮಾಡಿದರು. ಮಧ್ಯಾಹ್ನದ ಕರೆ. ಜಯಕ್ಕ ಉಗ್ರಾಣಕ್ಕೆ ಕೊಟ್ಟರು. ಅಲ್ಲಿ ಯಾರೂ ಎತ್ತಲಿಲ್ಲ. ಮತ್ತೆ ಮಾಡಿದರು, ಮತ್ತೆ ಉಗ್ರಾಣ. ಕೊನೆಗೆ ಆ ಮನೆಯ ಹುಡುಗ ಆಟೋ ಮಾಡಿಕೊಂಡು ಬಂದು ಕರೆದುಕೊಂಡು ಹೋಗುವಷ್ಟರಲ್ಲಿ ಮುದುಕರ ಕಣ್ಣು ಮುಚ್ಚಿತ್ತು.

ತಿಥಿ ಮುಗಿಸಿ ಬಂದ ವಿರೂಪಾಕ್ಷ ಎಕ್ಸ್‌ಚೇಂಜಿನ ಬಾಗಿಲಲ್ಲಿ ನಿಂತ. ಅವನು ಕೂಗಾಡಲಿಲ್ಲ. “ನಮ್ ತಂದೆ ನನ್ನ ಹೆಸರು ಹಿಡಿದು ಕರೀತಿದ್ರಂತೆ. ನಿಮಗೆ ಕಿವಿ ಕೇಳ್ಸತ್ತೆ ಅಂತ ಡಾಕ್ಟ್ರೇ ಬರ್ಕೊಟ್ಟಿದಾರೆ. ಮತ್ಯಾಕ್ರೀ ಹೀಗ್ ಮಾಡಿದ್ರಿ?” ಅಂದ. ಜಯಕ್ಕ ಅವನ ತುಟಿಯನ್ನು ನೋಡುತ್ತಿದ್ದರು. ಅವರ ಬಾಯಿ ಎರಡು ಸಲ ತೆರೆಯಿತು. ಈಗ ಹೇಳಿಬಿಡುತ್ತಾರೆ ಅಂದುಕೊಂಡೆ. “ತಪ್ಪಾತ್ರೀ” ಅಂದರು, ಅಷ್ಟೇ. ಅವತ್ತು ಸಂಜೆ ಬಸ್ಸು ಇಳಿದವರು ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಕೂತು, ತನ್ನ ಎರಡೂ ಕಿವಿಗೆ ತಾನೇ ಹೊಡೆದುಕೊಂಡರು. ಕೈ ಹಿಡಿಯಲು ನನ್ನಿಂದಾಗಲಿಲ್ಲ, ಅಷ್ಟು ಬಲವಿತ್ತು.

ಮಾರನೆಯ ವರ್ಷ ಐವತ್ತು ದಾಟಿದವರ ಕಡತ ಮೇಲೆ ಹೋಯಿತು. ಅದನ್ನು ಸಿದ್ಧಪಡಿಸಿದವನು ವಿರೂಪಾಕ್ಷನೇ. ಸೇಡಿನಿಂದ ಒಂದಕ್ಷರ ಸೇರಿಸಲಿಲ್ಲ, ನಾನು ನೋಡಿದ್ದೇನೆ. ಸೇರಿಸುವ ಅಗತ್ಯವೇ ಇರಲಿಲ್ಲ. ಸತತ ದೂರುಗಳು, ಲೈನು ಸರಿಯಿದೆ ಎಂಬ ಟೆಲಿಫೋನಿನವರ ಬರಹ, ಕಿವಿ ಸರಿಯಿದೆ ಎಂಬ ಡಾಕ್ಟರರ ಬರಹ. ಎರಡೂ ಸರಿಯಿದ್ದ ಮೇಲೆ ಸರಿಯಿಲ್ಲದ್ದು ಯಾವುದು? ನೌಕರಳು. ಆದೇಶ ನನ್ನ ಮೇಜಿಗೇ ಬಂತು. ‘ದಂಡನೆಯೆಂದು ಪರಿಗಣಿಸತಕ್ಕದ್ದಲ್ಲ’ ಅಂತ ಹೊಡೆದು, ಕಾಗದ ಎಳೆದು, ಶೌಚಾಲಯಕ್ಕೆ ಹೋಗಿ ಅತ್ತು ಬಂದೆ. ಮತ್ತೆ ಎರಡು ಪ್ರತಿ ತೆಗೆಯಬೇಕಿತ್ತು.

ಕ್ವಾರ್ಟರ್ಸ್ ಬಿಡಲು ಗಡುವು ಕೊಟ್ಟರು. ಸುದ್ದಿ ಹೇಗೆ ತಲುಪಿತೋ, ಸಿದ್ಧಲಿಂಗೇಶ ನನ್ನ ಮನೆಗೆ ಫೋನ್ ಮಾಡಿದ. “ವೈನೀಗೆ ಹೇಳ್ರಿ, ಐತವಾರ ಬರತೀನಿ. ಸಾಮಾನು ಕಟ್ಟಿ ಇಡಲಿ. ಮನ್ಯಾಗ ಸೊಸಿ ಬಾಣಂತಿ ಅದಾಳ, ಅಡಗಿಗೆ ಭಾಳ ತ್ರಾಸ ಆಗೈತಿ.” ಅವನ ದನಿಯಲ್ಲಿ ಕೆಟ್ಟತನವಿರಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿತು.

ಆ ಶನಿವಾರ ಶೌಕತ್ ನಮ್ಮಿಬ್ಬರನ್ನೂ ಇಂದಿರಾನಗರಕ್ಕೆ ಕರೆದೊಯ್ದ. ಅವನ ಓಣಿಯಲ್ಲೇ ಬೆಳೆದ ಜಹನಾರಾ ಅಲ್ಲಿ ವಕೀಲೆ. ಸರ್ಕಾರಿ ನೌಕರರ ಕೇಸುಗಳನ್ನೇ ನಡೆಸುವವರು. ಆಕೆ ಆದೇಶ ಓದಿದರು. ಜಯಕ್ಕನ ಕಡೆಗೆ ತಿರುಗಿ ಏನೋ ಕೇಳುತ್ತ, ಕಪಾಟಿನಿಂದ ಪುಸ್ತಕ ತೆಗೆಯಲು ಬೆನ್ನು ಹಾಕಿದರು. ಉತ್ತರ ಬರದೆ ಹಿಂತಿರುಗಿ ನೋಡಿದರು. ಜಾಣೆ, ತಕ್ಷಣ ತಿಳಿಯಿತು.

“ಇವ್ರಿಗೆ ಕಿವಿ ಕೇಳಲ್ವಾ? ಯಾವಾಗ್ನಿಂದ?”

ನಾನು ಇಂಜೆಕ್ಷನ್ನಿನ ಕಥೆ ಹೇಳಿದೆ, ಡಾಕ್ಟರು ಬೆನ್ನ ಹಿಂದೆ ನಿಂತು ಪರೀಕ್ಷಿಸಿ ಫಿಟ್ ಅಂತ ಬರೆದುಕೊಟ್ಟದ್ದನ್ನೂ ಹೇಳಿದೆ. ಶೌಕತ್‌ನ ಹೆಸರು ಮಾತ್ರ ಎತ್ತಲಿಲ್ಲ. ಜಹನಾರಾ ಕುರ್ಚಿಯಲ್ಲಿ ಕುಸಿದು ಕೂತರು.

“ಅಯ್ಯೋ, ಇದನ್ನ ಮೊದ್ಲೇ ಯಾಕೆ ಯಾರೂ ಹೇಳ್ಲಿಲ್ಲ? ಕೆಲ್ಸದಲ್ಲಿದ್ದಾಗ ಅಂಗವಿಕಲರಾದ್ರೆ ತೆಗೆಯೋ ಹಾಗೇ ಇಲ್ಲ ಕಣ್ರೀ. ಬೇರೆ ಕೆಲ್ಸ ಕೊಡ್ಬೇಕು, ಅದೇ ಸಂಬಳಕ್ಕೆ. ಬೇರೆ ಕೆಲ್ಸ ಇಲ್ದೇ ಇದ್ರೂ ಇಟ್ಕೋಬೇಕು. ತೊಂಬತ್ತೈದರಲ್ಲೇ ಕಾನೂನಾಗಿದೆ. ಕಿವಿ ಕೇಳಲ್ಲ ಅಂತ ಒಂದು ಸರ್ಟಿಫಿಕೇಟ್ ಇದ್ದಿದ್ರೆ ಇವ್ರನ್ನ ಯಾರೂ ಮುಟ್ಟೋಕಾಗ್ತಿರ್ಲಿಲ್ಲ!”

ಶೌಕತ್‌ನ ಮುಖ ಬೂದಿಯಾಗಿತ್ತು. ಡ್ರೈವರ್ ದೊಡ್ಡಮುನಿಯಪ್ಪ ಮನೆಗೆ ಹೋದದ್ದು ಆ ಕಾನೂನಿಗೂ ಮುಂಚೆ. ಆಮೇಲೆ ಕಾನೂನು ಬದಲಾಯಿತು. ಅದನ್ನು ನಮ್ಮ ಮೆಟ್ಟಿಲ ಕೆಳಗಿನ ತನಕ ತಂದು ಹೇಳಿದವರು ಯಾರೂ ಇಲ್ಲ. ಜಯಕ್ಕ ಸರ್ಕಾರಕ್ಕೆ ಮೋಸ ಮಾಡಿ ಸಂಪಾದಿಸಿದ್ದು ತನ್ನನ್ನು ಕಾಯುತ್ತಿದ್ದ ಒಂದೇ ಒಂದು ಗೋಡೆಯನ್ನು ಕೆಡವುವ ಕಾಗದವನ್ನು.

“ಈಗ್ಲೂ ಕೇಸ್ ಹಾಕ್ಬಹುದು,” ಅಂದರು ಜಹನಾರಾ. “ಆದ್ರೆ ಫಿಟ್ ಅಂತ ಬರ್ಕೊಟ್ಟಿರೋದು ಸುಳ್ಳು ಅಂತ ತೋರಿಸ್ಬೇಕು. ಹೆಂಗೆ ಪಾಸಾದ್ರಿ ಅಂತ ಮೊದ್ಲು ಕೇಳೋದೇ ಅದು. ಡಾಕ್ಟ್ರು ಹಿಂದೆ ನಿಂತಿದ್ರು ಅಂದ್ರೆ, ಎದುರಿಗೆ ಯಾರೋ ಇದ್ರು. ಅವ್ರು ಬಂದು ಹೇಳಿದ್ರೆ ನೀವು ಉಳ್ಕೋತೀರ. ಅವ್ರ ಮೇಲೆ ಇಲಾಖೆ ಕ್ರಮ ಆಗತ್ತೆ, ಅದನ್ನ ನಾನು ಮುಚ್ಚಿಡಲ್ಲ. ನೌಕರಿ ಹೋದ್ರೂ ಹೋಗ್ಬಹುದು. ಯಾರು ನಿಂತಿದ್ರು?”

ಆಕೆ ಜಯಕ್ಕನ ಎದುರಿಗೇ ಕೂತು, ನಿಧಾನವಾಗಿ, ತುಟಿ ಬಿಡಿಸಿ ಹೇಳಿದ್ದರು. ಒಂದು ಮಾತೂ ತಪ್ಪಿರಲಾರದು. ಶೌಕತ್ ಬಾಯಿ ತೆರೆದ. ಅವನಿಗಿಂತ ಮುಂಚೆ ಜಯಕ್ಕ ಎದ್ದು ನಿಂತರು.

“ನನಗ ಕೇಳಿಸಂಗಿಲ್ರೀ ಮೇಡಂ.”

ಜಹನಾರಾ ತಮ್ಮ ಪ್ರಶ್ನೆಯನ್ನೇ ಒಂದು ಕಾಗದದಲ್ಲಿ ದಪ್ಪಕ್ಷರದಲ್ಲಿ ಬರೆದು ಮುಂದೆ ತಳ್ಳಿದರು. ಜಯಕ್ಕ ಅದರ ಮೇಲೆ ಕಣ್ಣೂ ಹಾಯಿಸಲಿಲ್ಲ. “ಕನ್ನಡಕ ತಂದಿಲ್ರೀ” ಅಂದರು. ಅವರ ಜನ್ಮದಲ್ಲಿ ಅವರಿಗೆ ಕನ್ನಡಕವಿರಲಿಲ್ಲ.

ಹೊರಗೆ ಬಿಸಿಲು. ಬಸ್ ನಿಲ್ದಾಣದ ತನಕ ಶೌಕತ್ ಹಿಂದೆ ಹಿಂದೆ ಬಂದ. ಆಮೇಲೆ ಓಡಿ ಬಂದು ಜಯಕ್ಕನ ಎದುರಿಗೆ ನಿಂತು, ಎರಡೂ ಭುಜ ಹಿಡಿದುಕೊಂಡ. ಜನ ನೋಡುತ್ತಿದ್ದರು.

“ಅಕ್ಕಾ, ಇಲ್ಲಿ ನೋಡಿ. ನಾನು ಹೇಳ್ತೀನಿ. ನಾನೇ ನಿಂತಿದ್ದೆ ಅಂತ ಹೇಳ್ತೀನಿ. ನನ್ ನೌಕರಿ ಹೋದ್ರೆ ಹೋಗ್ಲಿ, ಬೀದೀಲಿ ಹಣ್ಣು ಮಾರ್ತೀನಿ. ನೀವು ಊರಿಗೆ ಹೋಗ್ಬೇಡಿ. ಹೂಂ ಅನ್ನಿ ಅಕ್ಕಾ.”

ಅವನ ಮೂವರು ಮಕ್ಕಳ ಹೆಸರೂ ಜಯಕ್ಕನಿಗೆ ಗೊತ್ತಿತ್ತು. ಅವನು ಮೊದಲ ಮಾತು ಶುರುಮಾಡಿದಾಗಲೇ ಅವರು ಕಣ್ಣು ಮುಚ್ಚಿಕೊಂಡಿದ್ದರು. ಅವನು ಹೇಳುತ್ತಲೇ ಇದ್ದ, ಅಲುಗಾಡಿಸಿದ, ಅತ್ತ. ರೆಪ್ಪೆ ಬಿಗಿದು, ತುಟಿ ಬಿಗಿದು ಅವರು ನಿಂತೇ ಇದ್ದರು. ದೊಮ್ಮಲೂರಿನ ಬಸ್ಸು ಬಂತು. ನಾನು ಅವರ ಕೈ ಹಿಡಿದು ಹತ್ತಿಸಿದೆ.